ಕಿವಿರು

ಮಲ್ಪೆ ಬಂದರಿನ ಐಸುನೀರಲ್ಲಿ ನಿಂತು
ಎರಡು ಪಾಲಿಸಿ ಬಿಡಿಸಿ ಹಿಡಿದೆ.
ಲಚ್ಚು ಕುಂದರ್‌ಗೆ ಅರವತ್ತೊಂಬತ್ತು,
ಬಿಪಿ ಉಂಟು, ಶುಗರು ಉಂಟು,
ಸಣ್ಣಕ್ಷರ ಓದುವ ಕಣ್ಣಿಲ್ಲ.

'ಐಸಿನದ್ದೋ ಹಸಿಯೋ,
ಕಿವಿರು ಎತ್ತಿ ತೋರಿಸು ಮಾರಾಯ.'

ಎತ್ತಿದೆ:
ಆಸ್ಪತ್ರೆ ಸೇರಿದರೆ ಐದು ಲಕ್ಷ,
ದಿನದ ಗುಳಿಗೆಗೆ ಇಲ್ಲ.
ಇನ್ನೊಂದರಲ್ಲಿ ಗುಳಿಗೆಗೂ ಉಂಟು,
ಮೂರು ವರ್ಷ ಕಾದ ಮೇಲೆ.

'ಅಂದರೆ ಬಿದ್ದರೆ ದುಡ್ಡು,
ಬೀಳದ ಹಾಗೆ ನುಂಗಿದ್ದಕ್ಕೆ ಇಲ್ಲವಾ?'

ನನ್ನ ಬ್ಯಾಗಿನಲ್ಲಿ ಉತ್ತರ ಇರಲಿಲ್ಲ.

ಸೆರಗಿನ ಗಂಟು ಬಿಚ್ಚಿದಳು.
ಸೀಳಿದ ಮಾತ್ರೆ, ಅರ್ಧ ಇವತ್ತಿಗೆ,
ಅರ್ಧ ನಾಳೆಗೆ.
ಮತ್ತೆ ಗಿರಾಕಿಯತ್ತ ತಿರುಗಿ
ಅಂಜಲಿನ ಬೆನ್ನಿಗೆ ಕತ್ತಿಯಿಟ್ಟಳು,
ಅದೇ ಅಳತೆಯ ಕೈ.

ಹೊರಟವನಿಗೆ ನಾಲ್ಕು ಬಂಗುಡೆ ಕಟ್ಟಿಕೊಟ್ಟಳು:
'ಹಸಿಯದ್ದು. ಬೇಕಾದರೆ ಎತ್ತಿ ನೋಡು.'