ಇಪ್ಪತ್ತರ ಖೋಲಿ

ಮೊದಲು ಟೇಪು ಬಂತು, ಆಮ್ಯಾಲ ಕ್ಷೀರಸಾಗರ ಬಾಯಿ.
ಚಪ್ಪಲಿ ಹೊರಗ ಬಿಟ್ಟು, ಚಾ ಬ್ಯಾಡಂದು,
ಟೇಪಿನ ತುದಿ ನನ್ನ ಕೈಯಾಗ ಕೊಟ್ಟರು:
"ಗ್ವಾಡಿಗೆ ಒತ್ತಿ ಹಿಡೀರಿ, ನೀಲಮ್ಮ."

ಈ ಗ್ವಾಡಿಗೆ ನಮ್ಮಪ್ಪನ ಮಗ್ಗ ಇತ್ತು.
ಮಗ್ಗ ಗುಜರಿಗೆ ಹೋದ ಮ್ಯಾಲೂ
ನೆಲದಾಗ ನಾಕು ಕಾಲಿನ ಕುಳಿ ಉಳದಿದ್ದವು.
ಸಿಮೆಂಟು ತುಂಬಿಸೀನಿ. ಆದರೂ ಬರಿಗಾಲಿಗೆ ತಿಳೀತಾವ,
ಇಲ್ಲಿ ಒಂದು, ಅಲ್ಲಿ ಒಂದು.
ಬಾಯಿ ಅದನ್ನ ಬರಕೊಳ್ಳಲಿಲ್ಲ. "ಉದ್ದ ಹದಿನೆಂಟು," ಅಂದರು.

ಅಕ್ಕಲಕೋಟ ರೋಡಿನ ಟವೆಲ್ ಕಾರಖಾನ್ಯಾಗ
ಎಂಟಕ್ಕ ಭೋಂಗಾ ಆಗತದ.
ಶ್ರೀವಾಣಿ ತನ್ನ ಮಗನ್ನ ಟವೆಲ್ ಗಂಟಿನ ಮ್ಯಾಲ ಮಲಗಸ್ತಾಳ,
ಹತ್ತಿ ಧೂಳಿಗೆ ಅವನ ರೆಪ್ಪಿ ಬೆಳ್ಳಗ, ಮುದುಕನ ಹಂಗ.
ಮುಮತಾಜನ ಮಗಳು ಹೊಲಿಗಿ ಮೇಜಿನ ಕಾಲಿಗೆ
ದುಪಟ್ಟಾದಲೆ ಕಟ್ಟಿಸಿಕೊಂಡು ಕೂಡತಿತ್ತು;
ಗಂಟು ಬಿಚ್ಚೋದು ಒಂದಿನ ತಾನ ಕಲೀತು.
ಅವತ್ತ ನಾ ಅರ್ಜಿ ಬರದೆ.

ಅರ್ಜಿ ಅಂದರ ಒಂದು ಹಾಳಿ ಅಂದುಕೊಂಡಿದ್ದೆ.
ನಕಾಶೆ, ಮೂರು ಪ್ರತಿ. ಮನಿ ಕಾಗದ, ಅದು ಇನ್ನೂ ಅಪ್ಪನ ಹೆಸರಲೆ.
ಬೆಂಕಿಯವರದೊಂದು ದಾಖಲೆ, ನೀರಿನವರದೊಂದು,
ನಾ ಒಳ್ಳೆಯಾಕಿ ಅನ್ನೂದಕ್ಕ ಪೊಲೀಸರದೊಂದು.
ಠಾಣ್ಯಾಗ ಹವಾಲ್ದಾರ ಕೇಳಿದ, "ನಿಮ್ಮ ಮ್ಯಾಲ ಏನರೆ ಅದ?"
"ಮಕ್ಕಳಿಲ್ಲ," ಅಂದೆ. ಯಾಕ ಹಂಗಂದೆನೋ.
ಅಂವ ಪೆನ್ನಿನ ಟೊಪ್ಪಗಿ ತಗದ, ಹಾಕಿದ, ತಗದ,
'ಏನೂ ಇಲ್ಲ' ಅಂತ ಮರಾಠಿಯೊಳಗ ಬರದ.

ಇನ್ನೊಂದು ಖಾನೆ: ಮಕ್ಕಳ ಕೂಡ ಯಾವ ಭಾಷಾ?
ಒಂದ ಗೆರಿ ಬಿಟ್ಟಾರ.
ಶ್ರೀವಾಣಿ ಮನ್ಯಾಗ ತೆಲುಗು, ಮುಮತಾಜ ಮನ್ಯಾಗ ದಖನಿ,
ನಮ್ಮ ಓಣಿ ಕನ್ನಡ, ಅದರಾಗ ಅರ್ಧಾ ಮರಾಠಿ.
ಶ್ರೀವಾಣಿ ಮಗ ನೀರಿಗೆ 'ಬೂ' ಅಂತಾನ,
ಅದು ಯಾವ ಭಾಷಾ ನನಗ ಗೊತ್ತಿಲ್ಲ.
'ಮರಾಠಿ' ಅಂತ ಬರದು, ಗೆರಿ ಹೊರಗ
ಸಾಸಿವಿಯಂಥ ಅಕ್ಷರದಾಗ ಉಳಿದ ಮೂರೂ ತುಂಬಿದೆ.
'ಬೂ' ಬಿಟ್ಟೆ.

ಬಾಯಿ ಮೋರಿ ನೋಡಿದರು, ಸಂಡಾಸ ನೋಡಿದರು.
ಕೂಸಿನ ಎತ್ತರಕ್ಕ ನಳ ಇಳಿಸೀನಿ; ಗೌಂಡಿ ನಕ್ಕಿದ್ದ,
"ಅಕ್ಕಾ, ಕೈ ತೊಳೀಲಾಕ ಸಾಷ್ಟಾಂಗ ಬೀಳಬೇಕಲ್ಲ?"
ಕಿಟಕಿಗೆ ಜಾಳಿ, ಪ್ಲಗ್ಗಿಗೆ ಮುಚ್ಚಳ,
ಬೆಂಕಿ ಆರಿಸೋ ಕೆಂಪು ಸಿಲಿಂಡರು
ಹೊಸ ಅಳಿಯನ ಹಂಗ ಮೂಲ್ಯಾಗ ಬಿಗಿದು ನಿಂತಿತ್ತು.
ಎಲ್ಲಾ ಸರಿ. ಬಾಯಿ ಗುಣಿಸಿದರು, ಭಾಗಿಸಿದರು,
ಶಿಕ್ಕಾ ತಗದರು:
"ಇಪ್ಪತ್ತು ಮಕ್ಕಳು. ಇಪ್ಪತ್ತೊಂದಾದರ ಪರವಾನಗಿ ರದ್ದು."

ನನ್ನ ವಹಿಯೊಳಗ ಇಪ್ಪತ್ಮೂರು ಹೆಸರು.

"ಬಾಯಿ, ಅದರಾಗ ಒಂದು ಭಾಳ ಸಣ್ಣದದ," ಅಂದೆ.
ಬಾಯಿ ಒಂದು ಚಪ್ಪಲಿ ಮೆಟ್ಟಿ, ಇನ್ನೊಂದು ಮೆಟ್ಟದ ನಿಂತರು.
"ಬೆಂಕಿ ಹತ್ತಿದರ," ಅಂದರು,
"ನಿಮ್ಮವು, ನಿಮ್ಮ ಆಯಾನವು ಕೂಡಿ ನಾಕ ಕೈ. ಬಾಗಲ ಇದೊಂದ."
ಆಮ್ಯಾಲ ಚಾ ಕೇಳಿದರು. ಸಕ್ಕರಿ ಇಲ್ಲದ್ದು.

ಈಗ ಸಂಜಿ. ಹೊರಗ ಪಾಟಿ, ಮ್ಯಾಲ ಮರಾಠಿ, ಕೆಳಗ ಕನ್ನಡ,
ಬಣ್ಣ ಇನ್ನೂ ಹಸಿ, ಒಂದು ನೊಣ 'ಶಿಶು'ವಿನ ಕೊಂಬಿಗೆ ಹತ್ತಿಕೊಂಡದ.
ಚೀಲ ತೂಗಹಾಕಲಾಕ, ನನ್ನ ಸೊಂಟದೆತ್ತರಕ್ಕ,
ಇಪ್ಪತ್ತು ಗೂಟ ಹೊಡದೆ.
ಹೆಸರಿನ ಚೀಟಿ ಇಪ್ಪತ್ಮೂರೂ ಬರದಿಟ್ಟೀನಿ,
ಇಸ್ಪೀಟಿನ ಎಲಿ ಹಂಗ ಹಾಸೀನಿ, ಕಲಸೀನಿ, ಮತ್ತ ಹಾಸೀನಿ.
ಪ್ರತಿ ಸಲ ಕೊನೀಗೆ ಬೇರೆ ಮೂರು.

ಬಾಯಿ ಟೇಪು ಮರತು ಹೋಗ್ಯಾರ.
ಹಿತ್ತಲದಾಚೆ ಇಂದೂಮತಿಯ ನೂಲಿನ ಖೋಲಿ,
ವರ್ಷದಿಂದ ಬರೇ ಹಗ್ಗ, ಇಲಿ.
ತುದಿ ಹಿಡಿಯಾಕ ಯಾರೂ ಇಲ್ಲ.
ಅದರ ಮ್ಯಾಲ ಒಂದು ಕಲ್ಲಿಟ್ಟು
ಎಳಕೊಂಡು ಹೊಂಟೀನಿ.