ಮುಂದಿನ ಸಾಲಿಗೆ

ಸಭಾದಾಗ ಲೆಕ್ಕಾ ಓದಿದಾಂವ ನಾನ:
ಒಂದ್ ಮೀಟರ್ ವೈರು ನೆಲದಾಗ ಹೂಳಾಕ
ಏಳು ಸಾವಿರದ ನಾಕನೂರು.
ಅಗದ ರಸ್ತೆ ಮುಚ್ಚೂದು ಬ್ಯಾರೆ ಬಾಬತ್ತು.

“ಹೆಣಾ ಹೂಳೂದ ಸೋವಿ” ಅಂದ್ರು
ಹಿಂದಿನ ಕುರ್ಚಿಯಿಂದ ಮೆಂಬರ್ ಹುಸೇನಬಿ.
ಯಾರೂ ನಗಲಿಲ್ಲ.
ಕಾರಹುಣ್ಣಿವಿ ದಿನ ಪಟದ ಬೆನ್ನ ಹತ್ತಿ
ಮಾಳಿಗಿ ಏರಿದಾಂವ
ಅವರ ತಂಗಿ ಮಗ.

ಟೆಂಡರ್ ಆತು. ಗದಗಿನ ಬಂಗಾರದಂಗಡಿ ಮುಂದ
ಈಗ ಆಕಾಶ ಸ್ವಚ್ಛ.
ಬೆಟಗೇರಿ ನೇಕಾರ ಓಣಿ ಬಾಯಿಗೆ ರೊಕ್ಕ ತೀರಿ
ವೈರು ನೆಲಾ ಸೀಳಿ ಎದ್ದು ಹಳೇ ಕಂಬಾ ಏರಿತು,
ಹರದ ಹಾಸಿನಂಗ ಜೋತಾಡಕೊಂತ.

ಷರಾದಾಗ ಬರದೆ: ಉಳಿದದ್ದು ಮುಂದಿನ ಸಾಲಿಗೆ.
ಹುಸೇನಬಿ ಬಗ್ಗಿ ಓದಿದ್ರು.
“ಮುಂದಿನ ಸಾಲು ಅಂದ್ರ
ನಮ್ಮ ಮನಿ ಸಾಲೇನ್ರೀ?”

ನಾ ಪೆನ್ನಿನ ಟೊಪಗಿ ಹುಡಕಾಕತ್ತಿದ್ದೆ.