ಹದಿನಾಲ್ಕನೇ ಪುಟ, ಮೂರನೇ ಸಾಲು

ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತು, ಬ್ರೆಂಡಾ ಸ್ಟ್ಯಾದರ್ಸ್.
ಗಂಜಿ, ಮಾತ್ರೆ, ಕಾಲುಚೀಲ, ಸಹಿ.
ಏಜೆನ್ಸಿಯ ಆ್ಯಪು ನನ್ನ ಜೇಬಿನಲ್ಲಿ ಕೂತು ನಿಮಿಷ ಎಣಿಸುತ್ತದೆ,
ಹಲ್ ನಗರದ ಇಟ್ಟಿಗೆಯ ಮನೆಸಾಲುಗಳ ನಡುವೆ
ನನ್ನನ್ನೊಂದು ಚುಕ್ಕೆ ಮಾಡಿ ಓಡಿಸುತ್ತದೆ.

ಲಕ್ವ ಹೊಡೆದ ಮೇಲೆ ಅವಳಿಗೆ ಉಳಿದ ಮಾತು ಮೂರು:
ಹೂಂ, ಊಹೂಂ, ಮತ್ತೊಂದು ಬೈಗುಳ.
ಬೈಗುಳ ಮಾತ್ರ ಸ್ಪಷ್ಟ.

ಒಂದು ದಿನ ಮಂಚದಡಿಯ ಬಿಸ್ಕತ್ತಿನ ಡಬ್ಬಿಯಿಂದ
ಎಡಗೈಯಲ್ಲಿ ಎತ್ತಿ ತೋರಿಸಿದಳು: ಫ್ಲಾಪಿ,
ಲೇಬಲ್ಲಿನ ಮೇಲೆ ಮಾಸಿದ ಪೆನ್ಸಿಲು.
ಪಕ್ಕದ ಮನೆಯ ಕೀರನ್, ಹದಿನಾರರ ಹುಡುಗ, ಶಾಲೆಗೆ ರಜೆ,
ಅದನ್ನು ಓದುವ ಪೆಟ್ಟಿಗೆ ಎಲ್ಲಿಂದಲೋ ತಂದ.
ಮಗಳು ಲೀಡ್ಸಿನಿಂದ ಕಳಿಸಿದ್ದ ಹೊಸ ಲ್ಯಾಪ್‌ಟಾಪು
ಮರ್ಯಾದೆಯಿಂದಲೇ ಹೇಳಿತು:
ಇದು ಇಲ್ಲಿ ನಡೆಯದು, ತಯಾರಕರನ್ನು ಸಂಪರ್ಕಿಸಿ.

ತಯಾರಕರು! ಹುಡುಕಿ ನೋಡಿದ.
ಮುಚ್ಚಿ ಇಪ್ಪತ್ತೇಳು ವರ್ಷ. ಆ ವಿಳಾಸದಲ್ಲೀಗ
ನಾಯಿಗಳಿಗೆ ಕ್ಷೌರ ಮಾಡುತ್ತಾರೆ.

ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿಕೊಂಡು ಹೋಗುತ್ತದೆ
ಅನ್ನುತ್ತಿದ್ದರು ನಮ್ಮಲ್ಲಿ.
ಕೊಚ್ಚಿ ಹೋಗದ್ದು ಬಿಸ್ಕತ್ತಿನ ಡಬ್ಬಿ ಸೇರುತ್ತದೆಂದು
ಯಾರೂ ಹೇಳಿರಲಿಲ್ಲ.

ಹುಡುಗ ಹೊಸ ಯಂತ್ರಕ್ಕೆ ಹಳೆಯದರ ಹಗಲುವೇಷ ಕಟ್ಟಿದ.
ಒಳಗಿರುವವನು ಹೊಸಬನೇ. ಆಟ ಏನಾದರೂ ಕೇಳಿದರೆ
ತೊಂಬತ್ತೊಂದನೇ ಇಸವಿಯ ದನಿಯಲ್ಲೇ ಓಗೊಡಬೇಕು,
ನಡುವೆ ಬಣ್ಣ ಕಳಚುವ ಹಾಗಿಲ್ಲ.

ಕಪ್ಪು ತೆರೆ. ಕರ್ಸರು ಮಿಟುಕಿತು.
ಕೋಟೆ ಬಂತು. ಕೆಂಪು ಟೊಪ್ಪಿಯ ಕುಳ್ಳ ಬಂದ,
ಬಂದವನೇ ಸತ್ತ.
ಮತ್ತೆ ಬಂದ, ಸತ್ತ.
ನಾನೊಂದು ಸೀನು ಸೀನುವಷ್ಟರಲ್ಲಿ ಮೂರು ಜೀವ ಖಾಲಿ.
ಅವನ ತಪ್ಪಲ್ಲ. ಒಂದು ಹೆಜ್ಜೆಗೆ ಎಷ್ಟು ಹೊತ್ತೆಂದು
ಅವನಿಗೆ ಹೇಳಿಕೊಟ್ಟಿದ್ದು ಹಳೆಯ ಯಂತ್ರದ ನಾಡಿ.
ಈ ನಾಡಿ ಸಾವಿರ ಪಟ್ಟು.

ಕೀರನ್ ಒಂದು ಕೀಲಿ ಒತ್ತಿ ಒತ್ತಿ ವೇಗ ಇಳಿಸಿದ.
ಸಾಕು, ಆಗ ಇಷ್ಟೇ ಇತ್ತು, ಅಂದ,
ಆಗಿಗೆ ಹದಿನೆಂಟು ವರ್ಷ ತಡವಾಗಿ ಹುಟ್ಟಿದವನು.
ಊಹೂಂ, ಅಂದಳು ಬ್ರೆಂಡಾ.
ಬಲಗೈ ಮಡಿಲಲ್ಲಿ ಮಲಗಿದೆ. ಎಡಗೈ ಈಗಷ್ಟೇ
ಬಾಲವಾಡಿಗೆ ಸೇರಿದೆ.
ಇನ್ನೂ ಇಳಿಸು. ಇನ್ನೂ.
ಕೋಟೆಯ ಸಂಗೀತ ಜೋತುಬಿತ್ತು,
ಬ್ಯಾಟರಿ ಮುಗಿಯುತ್ತಿರುವ ಟೇಪ್‌ರೆಕಾರ್ಡರಿನ ಹಾಗೆ.
ಕುಳ್ಳ ಒಂದು ಕಾಲೆತ್ತಿದ,
ಇಡಲೋ ಬೇಡವೋ ಎಂದು ಯೋಚಿಸಿ
ಇಟ್ಟ.
ಹೂಂ, ಅಂದಳು.

ಆಮೇಲೆ ಬಾಗಿಲು. ಕಾವಲುಗಾರ ಕೇಳಿದ:
ಕೈಪಿಡಿಯ ಹದಿನಾಲ್ಕನೇ ಪುಟ, ಮೂರನೇ ಸಾಲು, ಐದನೇ ಪದ?
ಕದ್ದು ಆಡುವವರನ್ನು ಹಿಡಿಯಲು ಹೂಡಿದ್ದ ಉಪಾಯವಂತೆ.
ಕೈಪಿಡಿ ಇಲ್ಲ.
ಡಬ್ಬಿಯ ತಳದಲ್ಲಿ ಅಂಗಿಯ ಗುಂಡಿ, ಬಸ್ಸಿನ ಟಿಕೆಟ್ಟು,
ಯಾರದೋ ಹಾಲುಹಲ್ಲು.
ನನ್ನ ಜೇಬು ಗುಂಯ್‌ಗುಟ್ಟಿತು: ಎಂಟು ಐವತ್ತಾರು,
ಮುಂದೆ ಮಿಸ್ಟರ್ ಓಗ್ಲ್ಸ್‌ಬಿ, ಕಣ್ಣಿಗೆ ಹನಿ.

ಅವಳ ಬಾಯಿ ತೆರೆಯಿತು. ತುದಿನಾಲಿಗೆಯಲ್ಲಿ
ತಿಂಗಳುಗಳಿಂದ ನೋಡುತ್ತಿರುವ ಅದೇ ಒದ್ದಾಟ.
ಬೈಗುಳ ಬಂತು.
ಆದರೆ ಬೆರಳು ಆಗಲೇ ಹೊರಟಿತ್ತು.
ಎಲ್. ಎ. ಎನ್.
ಒಂದೇ ಬೆರಳು, ಒಂದೊಂದು ಅಕ್ಷರಕ್ಕೂ ಊರೆಲ್ಲ ಸುತ್ತಿ.
ಟಿ. ಇ.
ಕೀರನ್ ಉಸಿರು ಬಿಗಿಹಿಡಿದ.
ಲ್ಯಾಂಟರ್ನ್.
ಬಾಗಿಲು ತೆರೆಯಿತು.

ಲಾಟೀನು, ಅಂದೆ ನಾನು, ಯಾರಿಗೂ ಅಲ್ಲ.
ನಮ್ಮ ನಾಲಿಗೆ ಎಂದೋ ಆ ಪದವನ್ನು ತಂದು
ತನ್ನಲ್ಲಿ ಓಡುವ ಹಾಗೆ ಮಾಡಿಕೊಂಡಿತ್ತು.

ಎರಡನೇ ಬಾಗಿಲು, ಇಪ್ಪತ್ತೆರಡನೇ ಪುಟ. ತಪ್ಪಾಯಿತು.
ಇನ್ನೊಮ್ಮೆ. ತಪ್ಪು.
ಆಟ ಸದ್ದಿಲ್ಲದೆ ಮಡಚಿಕೊಂಡು ಕಪ್ಪು ತೆರೆಯಾಯಿತು.
ಬ್ರೆಂಡಾ ನಕ್ಕಳು, ಮುಖದ ಅರ್ಧದಲ್ಲಿ,
ನಾಳೆ ಎಂಬಂತೆ ಡಬ್ಬಿಯ ಮುಚ್ಚಳ ತಟ್ಟಿದಳು.

ಹೊರಗೆ ಹಂಬರ್ ಕಡೆಯಿಂದ ಮೀನು ವಾಸನೆಯ ಗಾಳಿ.
ಆ್ಯಪು ಕೇಳಿತು: ಹನ್ನೊಂದು ನಿಮಿಷ ತಡ, ಕಾರಣ?
ಟ್ರಾಫಿಕ್. ಅಪಘಾತ. ಇತರೆ.
ಇತರೆ ಒತ್ತಿದೆ. ವಿವರ ಬರೆಯಿರಿ, ಅಂತು.
ಬರೆದೆ:
ಬಾಗಿಲು ತೆರೆಯಲು ಹೊತ್ತಾಯಿತು.